ಬೀಜದ ಹೋತ

ಕೆಂಚನ ಮುಂಗಾಲನ್ನು ಮೊಳಕಾಲುಗಳ ನಡುವೆ ಸಿಕ್ಕಿಸಿಕೊಂಡು ದುರುಗವ್ವ ಕುಡುಗೋಲಿನ ತುದಿಯಿಂದ ಗೊರಸು ಕೆತ್ತುತ್ತಿದ್ದಾಗ ತಳವಾರ ಮಾರೆಪ್ಪ ಬಂದು ಜಾಲಿಮುಳ್ಳಿನ ಬೇಲಿಯ ಹೊರಗೇ ನಿಂತ. ಒಳಗೆ ಬರಲಿಲ್ಲ. ಮದವೇರಿದ ಹೋತದ ನಾತ ಅವನಿಗೆ ಆಗಿಬರುತ್ತಿರಲಿಲ್ಲ. ರುಮಾಲಿನ ಚುಂಗನ್ನು ಮೂಗಿಗೆ ಒತ್ತಿಕೊಂಡು ಅಲ್ಲಿಂದಲೇ ಕೂಗಿದ.

“ದುರುಗವ್ವಕ್ಕಾ, ಗೌಡ್ರು ಹೇಳಿ ಕಳಿಸ್ಯಾರ. ನಾಳೆ ಮುಂಜಾನೆ ಇದನ್ನ ಚಾವಡಿಗೆ ತರಬೇಕಂತ.”

“ಯಾವುದನ್ನ?”

“ನಿನ್ನ ದೊಡ್ಡ್ಯಾಗ ಇನ್ನ್ಯಾವ ಗಂಡು ಐತಿ? ನಿನ್ನ ಗಂಡನ್ನ ಒಯ್ದು ಸಾಹೇಬ್ರಿಗೆ ಏನು ಅಡಿಗಿ ಮಾಡೋಣು?”

ದುರುಗವ್ವ ತಲೆ ಎತ್ತಲಿಲ್ಲ. ಗೊರಸಿನ ಸಂದಿಯಲ್ಲಿ ಹರಳೊಂದು ಸಿಕ್ಕಿತ್ತು. ಅದನ್ನು ಉಗುರಿನಿಂದ ಕಿತ್ತು ಎಸೆದಳು. “ಈ ನಾತದ್ದನ್ನ ತಿಂತಾರೇನು ನಿಮ್ಮ ಸಾಹೇಬ್ರು?”

“ಬಾವರ್ಚಿ ಮೊಸರಾಗ ನೆನೆ ಹಾಕ್ತಾನಂತ. ಮೊನ್ನಿ ಹಳ್ಳದ ದಂಡಿಗೆ ನಿಂತು ನೋಡ್ಯಾನ ಅವ. ತೂಕ ನೋಡ್ಯಾನ, ನಾತ ನೋಡಿಲ್ಲ.”

“ಕೊಡಾಂಗಿಲ್ಲ ಅಂತ ಹೇಳು.”

ಮಾರೆಪ್ಪ ಚುಂಗನ್ನು ಮೂಗಿನಿಂದ ತೆಗೆದ. “ಏನಂದಿ?”

“ಬೀಜಕ್ಕ ಬಿಟ್ಟದ್ದು. ಕೊಡಾಂಗಿಲ್ಲ. ಹಂಗ ಹೇಳು.”

“ನೀನಾ ಬಂದು ಹೇಳವ್ವಾ. ನನ್ನ ಮನಿಯಾಗ ಮೂರು ಮಕ್ಕಳದಾವ.”

ಅವನು ಹೋದಮೇಲೆ ದುರುಗವ್ವ ಉಳಿದ ಮೂರೂ ಗೊರಸುಗಳನ್ನು ಕೆತ್ತಿ ಮುಗಿಸಿದಳು. ಕೆಂಚ ಒಂದು ಸಲ ಕೊಸರಿ ಅವಳ ಭುಜಕ್ಕೆ ಕೊಂಬು ತಾಗಿಸಿತು. ಅವಳು ಅದರ ಮೂಗಿನ ಮೇಲೆ ಒಂದು ಕೊಟ್ಟಳು. ಮುದ್ದು ಮಾಡುವ ಅಭ್ಯಾಸ ಅವಳಿಗಿರಲಿಲ್ಲ.

ಕರೇಮರಡಿ ಕುಕನೂರಿನಿಂದ ಎರಡು ಹರದಾರಿ ದೂರದ ಊರು. ಯುದ್ಧ ಶುರುವಾಗಿ ನಾಲ್ಕು ವರ್ಷವಾಗಿತ್ತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಅರಿವೆ ಸಿಗುತ್ತಿರಲಿಲ್ಲ, ಬೆಳೆದ ಜೋಳದಲ್ಲಿ ಸರಕಾರಕ್ಕೆ ಲೆವಿ ಹಾಕಬೇಕಾಗಿತ್ತು. ಯಾರ ಹೊಲಕ್ಕೆ ಎಷ್ಟು ಎಂದು ಬರೆಯಲು ದೊಡ್ಡ ಸಾಹೇಬರು ದೌರಾ ಬರುವವರಿದ್ದರು. ಊರಿಗೆ ಸಾಹೇಬರು ಯಾರೇ ಬರಲಿ, ಊರಿನಲ್ಲಿದ್ದ ಅತ್ಯಂತ ಮೈತುಂಬಿದ ಗಂಡು ಆಡು ಚಾವಡಿಗೆ ಹೋಗಬೇಕು. ಇದು ಯಾವಾಗ ಶುರುವಾಯಿತೋ ಯಾರಿಗೂ ನೆನಪಿರಲಿಲ್ಲ. ದೇವೇಂದ್ರಪ್ಪಗೌಡರ ಮನೆಯಲ್ಲಿ ಮಾಂಸ ಬೇಯುತ್ತಿರಲಿಲ್ಲ. ಆದರೂ ಯಾರ ದೊಡ್ಡಿಯಲ್ಲಿ ಯಾವ ಹೋತ ಎಷ್ಟು ತೂಗುತ್ತದೆ ಎಂಬುದು ಅವರಿಗೆ ಕಸಾಯಿಗಿಂತ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ ಕರೇಮರಡಿಯಲ್ಲಿ ಚೆನ್ನಾಗಿ ಬೆಳೆದ ಯಾವ ಹೋತವೂ ಮೂರನೆಯ ವರ್ಷ ಕಂಡಿರಲಿಲ್ಲ. ಒಳ್ಳೆಯದೊಂದು ಚಾವಡಿಗೆ ಹೋಗುತ್ತಿತ್ತು, ಅದರ ನಂತರದವು ಬೀಜ ಒಡೆಸಿಕೊಂಡು ಕೊಬ್ಬಿ ಸಂತೆಗೆ ಹೋಗುತ್ತಿದ್ದವು. ಯಾರೂ ಕೊಳ್ಳದ, ಹೊಟ್ಟೆ ಜೋತ, ಕೆಮ್ಮುವ ಗಂಡುಗಳು ಊರಲ್ಲಿ ಉಳಿದು ಹೆಣ್ಣಾಡುಗಳ ಮೇಲೆ ಏರುತ್ತಿದ್ದವು. ಹುಟ್ಟಿದ ಮರಿಗಳು ಅವುಗಳ ಹಾಗೇ ಇರುತ್ತಿದ್ದವು. ಹಿಂದೆ ಆಡುಗಳು ನಡುಮಟ ಬರುತ್ತಿದ್ದವು, ಈಗ ನಾಯಿಯಷ್ಟಾಗಿವೆ ಎಂದು ಮುದುಕರು ಹೇಳುತ್ತಿದ್ದರು. ಮೇವು ಕೆಟ್ಟಿತು ಎಂದರು, ನೀರು ಕೆಟ್ಟಿತು ಎಂದರು. ಚಾವಡಿಯ ಕಡೆ ಯಾರೂ ಬೆರಳು ಮಾಡಲಿಲ್ಲ.

ದುರುಗವ್ವನಿಗೆ ಇದು ಹೊಳೆದದ್ದು ಜೋಳದ ತೆನೆಯಿಂದ. ಹದಿನೆಂಟು ವರ್ಷದ ಹಿಂದೆ ಅವಳು ಗಂಡನ ಮನೆಗೆ ಬರುವಾಗ ತವರಿನವರು ಉಡಿ ತುಂಬಿ, ಜೊತೆಗೆ ಬೋರಿ ಎಂಬ ಹೆಣ್ಣುಮರಿಯನ್ನು ಹೊಡೆದು ಕಳಿಸಿದ್ದರು. ಉಡಿಯ ಮರಿ ಹೆಣ್ಣುಮಗಳದ್ದು. ಅದು ಹಾಕಿದ ಮರಿಗಳೂ ಅವಳವೇ. ಗಂಡ ಮಾರುವುದಿದ್ದರೆ ಕೇಳಿ ಮಾರಬೇಕು. ಬೋರಿ ಸತ್ತು ಐದು ವರ್ಷವಾಗಿತ್ತು. ದೊಡ್ಡಿಯಲ್ಲಿದ್ದ ಹತ್ತೊಂಬತ್ತೂ ಅದರ ಸಂತಾನ. ಒಂದು ಸುಗ್ಗಿಯಲ್ಲಿ ಗಂಡ ವಿರುಪಣ್ಣ ಬಿತ್ತನೆಗೆಂದು ದಪ್ಪ ತೆನೆಗಳನ್ನು ಆರಿಸಿ ಬೇವಿನ ಸೊಪ್ಪಿನ ಜೊತೆ ಜಂತಿಗೆ ಕಟ್ಟುತ್ತಿದ್ದ. ಕೆಳಗೆ ನಿಂತು ತೆನೆ ಕೊಡುತ್ತಿದ್ದ ದುರುಗವ್ವ ಕೈ ತಡೆದು ದೊಡ್ಡಿಯ ಕಡೆ ನೋಡಿದಳು. ಆ ವರ್ಷದಿಂದ ಅವಳ ಆಡು ಕಾಯುವ ಕೋಲಿನ ಮೇಲೆ ಗೀರುಗಳು ಬಿದ್ದವು. ವರ್ಷ ತುಂಬಿದ ಪ್ರತಿ ಗಂಡುಮರಿಯ ಹೆಗಲಿಗೆ ಕೋಲು ಹಿಡಿದು ಅಳೆಯುವಳು. ಎಲ್ಲಕ್ಕಿಂತ ಮೇಲೆ ಗೀರು ಬಿದ್ದದ್ದನ್ನು ಬೀಜಕ್ಕೆ ಬಿಟ್ಟು ಉಳಿದವನ್ನು ಮಾರುವಳು. ಊರಿನ ಹೆಂಗಸರು ಬಾವಿಯ ಹತ್ತಿರ ಮೂಗು ಮುಚ್ಚಿಕೊಂಡು, “ಹೋತಿನ ದುರುಗವ್ವ ಬಂದಳು, ಸರೀರಿ” ಎನ್ನುತ್ತಿದ್ದರು. ತಮ್ಮ ಆಡು ಬೆದೆಗೆ ಬಂದಾಗ ಮಾತ್ರ ಅದೇ ದೊಡ್ಡಿಗೆ ಹೊಡೆದುಕೊಂಡು ಬರುತ್ತಿದ್ದರು.

ಮೊದಲು ಹಾಗೆ ಬಿಟ್ಟದ್ದು ಹಿರೇಕೆಂಚ. ಮೂರು ವರ್ಷದ ಹಿಂದೆ, ಅವಳು ಹಳ್ಳಕ್ಕೆ ಅರಿವೆ ಒಗೆಯಲು ಹೋಗಿದ್ದಾಗ ವಿರುಪಣ್ಣ ಅದನ್ನು ಚಾವಡಿಗೆ ಕೊಟ್ಟಿದ್ದ. ಬಂದು ನೋಡಿದರೆ ಗೂಟಕ್ಕೆ ಹಗ್ಗ ಮಾತ್ರ ಇತ್ತು. ಕೆಂಚ ಆಗ ಇನ್ನೂ ತಾಯಿಯ ಹೊಟ್ಟೆಯಲ್ಲಿತ್ತು. ಈಗ ಕೋಲಿನ ಮೇಲೆ ಅದರ ಗೀರು ಅಪ್ಪನ ಗೀರಿಗಿಂತ ಎರಡು ಬೆರಳು ಮೇಲಿತ್ತು.

ಸಂಜೆ ವಿರುಪಣ್ಣ ಹೊಲದಿಂದ ಬರುವಾಗ ಮುಖ ಗಂಟಿಕ್ಕಿಕೊಂಡೇ ಬಂದ. ದಾರಿಯಲ್ಲಿ ನಾಲ್ಕು ಜನ ತಡೆದು ಹೇಳಿದ್ದರು.

“ತಳವಾರಗ ಏನಂತ ಹೇಳಿ ಕಳಿಸೀದಿ?”

“ಕೇಳಿರಲ್ಲ. ಅದನ್ನ.”

“ಊರಿನ ಜೋಳ ಎಲ್ಲಾ ಆ ಹೋತದ ಕೊಳ್ಳಾಗ ಐತಿ ಅಂತಾರ ಮಂದಿ. ಸಾಹೇಬ ಉಂಡು ಸಮಾಧಾನ ಆದ್ರ ನಾಕು ಚೀಲ ಕಡಿಮಿ ಬರೀತಾನ. ಇಲ್ಲಂದ್ರ ಇಲ್ಲ.”

“ಹಿರೇಕೆಂಚನ್ನ ಉಂಡು ಹ್ವಾದ ಸಾಹೇಬ ಎಷ್ಟು ಕಡಿಮಿ ಬರದ?”

“ಆವಾಗ ಲೆವಿ ಎಲ್ಲಿತ್ತು?”

“ಹಂಗಾರ ಯಾತಕ್ಕ ಕೊಟ್ಟಿರಿ?”

ವಿರುಪಣ್ಣ ಕಾಲು ತೊಳೆಯುವ ನೀರನ್ನು ಒಂದೇ ಸಲಕ್ಕೆ ಸುರಿದುಕೊಂಡ. ಅವನು ಕೆಟ್ಟವನಲ್ಲ. ಹೆಂಡತಿಗೆ ಕೈ ಮಾಡಿದವನಲ್ಲ. ಚಾವಡಿಯ ಕಟ್ಟೆ ಕಂಡರೆ ಮಾತ್ರ ಅವನ ಬೆನ್ನು ತಾನೇ ಬಾಗುತ್ತಿತ್ತು. ಅವನ ಅಪ್ಪನದೂ ಬಾಗುತ್ತಿತ್ತು.

“ಒಂದು ಹೋತ ಹ್ವಾದ್ರ ಇನ್ನೊಂದು ಹುಟ್ಟತೈತಿ,” ಎಂದ.

“ಬಿತ್ತಾಕ ಎಂಥಾ ತೆನಿ ಆರಿಸ್ತೀರಿ?”

“ಅದು ಜೋಳ. ಇದು ಆಡು.”

“ದಪ್ಪನ್ನ ತೆನಿ ಬಡದು ರೊಟ್ಟಿ ಮಾಡಿ ತಿಂದು, ಜೊಳ್ಳು ಬಿತ್ತರಿ ಈ ವರ್ಷ. ನಾನು ಹೋತ ಕೊಡ್ತೀನಿ.”

ವಿರುಪಣ್ಣ ಧೋತರದ ಚುಂಗಿನಿಂದ ಕಾಲು ಒರೆಸಿಕೊಂಡ. ದೊಡ್ಡಿಯ ಕಡೆ ನೋಡದೆ, “ಇಟಗಿಗೆ ನಿಮ್ಮಕ್ಕನ ಮನಿಗೆ ಹೊಡಕೊಂಡು ಹೋಗಿಬಿಡು ಬೇಕಾರ. ಕಳುವಾತು ಅಂತ ಹೇಳ್ತೀನಿ,” ಎಂದ.

ದುರುಗವ್ವ ಅದನ್ನು ಆಗಲೇ ಯೋಚಿಸಿ ಬಿಟ್ಟಿದ್ದಳು. “ಈ ಸಲ ಓಡಿದ್ರ ಪ್ರತಿ ವರ್ಷಾ ಓಡಬೇಕು,” ಎಂದಳು. “ಊರಾಗ ಇರಾಕ ಬಂದೀನಿ ನಾನು.”

ದೀಪ ಹಚ್ಚುವ ಮುಂಚೆ ಅವಳು ಮುಲ್ಲಾ ಬಾಬಾಸಾಬನ ಮನೆಗೆ ಹೋದಳು.

ಊರಿನಲ್ಲಿ ಯಾರ ಮನೆಯ ಆಡು ಕೊಯ್ಯುವುದಿದ್ದರೂ, ಹಿಂದೂಗಳದಿರಲಿ ಸಾಬರದಿರಲಿ, ಬಾಬಾಸಾಬನೇ ಬರಬೇಕು. ಅದಕ್ಕೆ ಅವನಿಗೆ ಕೊರಳಿನ ಭಾಗ ಸಲ್ಲುತ್ತಿತ್ತು; ಸುಗ್ಗಿಯಲ್ಲಿ ಕಣಕ್ಕೊಂದು ಮೊರ ಜೋಳ. ಚೂರಿ ಹಿಡಿಯುವ ಮುಂಚೆ ಅವನದೊಂದು ಪದ್ಧತಿ ಇತ್ತು, ಅವನ ಅಪ್ಪನಿಂದ ಬಂದದ್ದು. ಆಡಿನ ಮಾಲಕರನ್ನು ಕರೆದು, ಅದರ ಬೆನ್ನಿನ ಮೇಲೆ ಕೈ ಇಡಿಸಿ, “ರಾಜಿ ಅದೀಯೇನು?” ಎಂದು ಕೇಳುವನು. “ರಾಜಿ” ಎಂದಮೇಲೆಯೇ ಚೂರಿ ಹೊರಗೆ ಬರುವುದು. ಬೆನ್ನಿನ ಮೇಲೆ ಕೈ ಇಟ್ಟು ಸುಳ್ಳು ಹೇಳಿದವನ ಕೈ ಒಣಗಿ ಹೋಗುತ್ತದೆ ಎಂದು ಊರು ನಂಬಿತ್ತು. ಆದರೆ ಇಲ್ಲ ಎಂದವರು ಇದುವರೆಗೆ ಯಾರೂ ಇರಲಿಲ್ಲ. ಮದುವೆಯಲ್ಲಿ ಅಕ್ಕಿಕಾಳು ಹಾಕಿದ ಹಾಗೆ ಎಲ್ಲರೂ ಕೈ ಇಟ್ಟು, ಅಂದು, ಎದ್ದು ಹೋಗುತ್ತಿದ್ದರು.

ಬಾಬಾಸಾಬ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಚೂರಿ ಮಸೆಯುತ್ತಿದ್ದ. ಅವನ ಹೆಂಡತಿ ಜೈನಾಬೀ ಮೊರದಲ್ಲಿ ತೊಗರಿ ಕೇರುತ್ತಿದ್ದಳು.

“ಬಾ ಮಗಳ,” ಎಂದ ಬಾಬಾಸಾಬ. ಕಲ್ಲಿನ ಮೇಲಿಂದ ಕಣ್ಣೆತ್ತಲಿಲ್ಲ. “ಯಾಕ ಬಂದಿ ಅಂತ ಗೊತ್ತೈತಿ.”

“ಗೊತ್ತಿದ್ರ ಹೇಳು ಕಾಕಾ. ನಾಳೆ ಕೇಳ್ತೀಯಿಲ್ಲೋ?”

ಚೂರಿ ಕಲ್ಲಿನ ಮೇಲೆ ಎರಡು ಸಲ ಹೋಗಿ ಬಂತು. “ಗೌಡ್ರು ಮಧ್ಯಾಹ್ನ ಕರೆಸಿದ್ರು. ನಾಳೆ ಏನೂ ಕೇಳಬ್ಯಾಡ, ಸುಮ್ನ ಕೆಲಸ ಮುಗಿಸು ಅಂದ್ರು.”

“ಏನಂದಿ?”

“ಏನನ್ನಲಿ? ಹೂಂ ಅಂದೆ.”

“ಹೂಂ ಅಂದ್ರಂತ,” ಎಂದು ಜೈನಾಬೀ ಮೊರವನ್ನು ಜೋರಾಗಿ ಕೊಡವಿದಳು. “ಮನಿಯಾಗ ನನ್ನ ಮುಂದ ಹುಲಿ. ಅಲ್ಲಿ ಹೂಂ.”

“ನೀ ಬಾಯಿ ಮುಚ್ಚು. ಕಣದಾಗ ಜೋಳ ನಿಂತ್ರ ನೀನಾ ಮೊದಲು ಅಳಾಕಿ.”

“ಅಳ್ತೀನಿ. ಅತ್ತು ಸುಮ್ನಾಗ್ತೀನಿ. ನೀವು ಕೇಳದ ಕೊಯ್ದದ್ದನ್ನ ಮಾತ್ರ ನಾ ಒಲಿಮ್ಯಾಲೆ ಇಡಾಂಗಿಲ್ಲ, ನಿಮ್ಮ ಪಾಲಿಂದು.”

ದುರುಗವ್ವ ನಿಂತೇ ಇದ್ದಳು. “ಹ್ವಾದ ಸಲ ನನ್ನ ಗಂಡನ್ನ ಕೇಳಿದಿ, ಕಾಕಾ. ಅವರು ರಾಜಿ ಅಂದ್ರು. ಆಡು ಉಡಿಯ ಮರೀದು. ಅದು ನನ್ನದು ಅಂತ ನಿನಗ ಗೊತ್ತಿತ್ತು.”

ಬಾಬಾಸಾಬನ ಕೈ ನಿಂತಿತು.

“ಗೊತ್ತಿತ್ತಿಲ್ಲೋ?”

“ಗೊತ್ತಿತ್ತು,” ಎಂದ ಮುದುಕ.

ಅವಳು ಮತ್ತೇನೂ ಕೇಳದೆ ಹೊರಟಳು. ಹಿಂದಿನಿಂದ ಚೂರಿ ಮಸೆಯುವ ಸದ್ದು ಮತ್ತೆ ಶುರುವಾಗುತ್ತದೆ ಎಂದುಕೊಂಡಿದ್ದಳು. ಬೀದಿಯ ತಿರುವಿನ ತನಕ ಅದು ಕೇಳಿಸಲಿಲ್ಲ.

ಮುಂಜಾನೆ ಮಾರೆಪ್ಪ ಹಗ್ಗ ತಂದಾಗ ದುರುಗವ್ವ ತಾನೇ ಕೆಂಚನ ಕೊರಳಿಗೆ ತನ್ನ ಹಗ್ಗ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ನಡಿ,” ಎಂದಳು. ಹೊಡೆದೊಯ್ಯಲು ಬಂದವನು ಆಡು ಕಾಯುವವನಂತೆ ಅವರ ಹಿಂದೆ ನಡೆಯಬೇಕಾಯಿತು. ವಿರುಪಣ್ಣ ಇನ್ನೂ ಹಿಂದೆ.

ಚಾವಡಿಯ ಹಿಂದೆ ಹುಣಸೆಯ ಮರದ ಕೆಳಗೆ ಹೊಸ ಒಲೆ ಹೂಡಿದ್ದರು. ಸಾಹೇಬರ ಡೇರೆ ಊರ ಹೊರಗಿನ ಬಯಲಿನಲ್ಲಿತ್ತು. ಅವರು ಕುದುರೆಯ ಮೇಲೆ ಹೊಲ ನೋಡಲು ಹೋಗಿದ್ದರು. ಬಾವರ್ಚಿ ಅಬ್ದುಲಸಾಬ ಎಂಬ ದಪ್ಪ ಮನುಷ್ಯ ತಾಮ್ರದ ಹಂಡೆಯ ಪಕ್ಕದಲ್ಲಿ ಕೂತು ಉಳ್ಳಾಗಡ್ಡಿ ಕೊಯ್ಯಿಸುತ್ತಿದ್ದ. ಲೆವಿ ಬರೆಸಲು ಬಂದ ರೈತರು ಗೋಡೆಯುದ್ದಕ್ಕೂ ಕೂತಿದ್ದರು. ಕೆಂಚ ಬಂದಾಗ ಎಲ್ಲರ ತಲೆಯೂ ಒಂದೇ ಕಡೆ ತಿರುಗಿತು. ಅದು ಕೊರಳು ಎತ್ತಿಕೊಂಡು, ಗಡ್ಡ ಅಲ್ಲಾಡಿಸುತ್ತ, ಊರೆಲ್ಲ ತನ್ನದೇ ಎನ್ನುವಂತೆ ಬಂತು. ಗಾಳಿ ಅದರ ನಾತವನ್ನು ಚಾವಡಿಯೊಳಗೆ ತುಂಬಿತು.

ಗೌಡರು ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದರು. “ತಂದಿಯಲ್ಲಾ, ಬಂತಲ್ಲ ಬುದ್ಧಿ,” ಎಂದರು. “ಹಗ್ಗ ಮಾರೆಪ್ಪನ ಕೈಯಾಗ ಕೊಡು. ನೀ ಮನಿಗೆ ನಡಿ. ಹೆಣ್ಣುಮಕ್ಕಳಿಗೆ ಇಲ್ಲೇನು ಕೆಲಸ?”

“ಮುಲ್ಲಾ ಕಾಕಾ ಕೇಳೋತನಕ ನಿಂದರತೀನ್ರಿ, ಗೌಡ್ರ. ಮಾಲಕರು ಇರಬೇಕಲ್ಲ.”

“ಇವತ್ತು ಕೇಳೂದು ಗೀಳೂದು ಏನಿಲ್ಲ. ಸಾಹೇಬ್ರು ಹೊತ್ತಿಗೆ ಸರಿಯಾಗಿ ಉಣ್ಣಾವ್ರು. ಹೂಂ, ಮುಲ್ಲಾ.”

ಮಾರೆಪ್ಪ ಹಗ್ಗಕ್ಕೆ ಕೈ ಹಾಕಿದ. ದುರುಗವ್ವ ಬಿಟ್ಟುಕೊಟ್ಟಳು. ಇಬ್ಬರು ಸೇರಿ ಕೆಂಚನ ಕಾಲು ಹಿಡಿದು ಒಗೆದರು. ಅದು ಒಮ್ಮೆ ಅರಚಿತು. ಮತ್ತೆ ಸುಮ್ಮನೆ ಪಕ್ಕೆ ಏರಿಳಿಸುತ್ತ ಬಿತ್ತು. ಬಾಬಾಸಾಬ ಮರದ ಬುಡದಲ್ಲಿ ನಿಂತಿದ್ದ. ಚೂರಿ ಬಟ್ಟೆಯಲ್ಲಿ ಸುತ್ತಿತ್ತು. ಒಂದು ಹೆಜ್ಜೆ ಮುಂದೆ ಬಂದ, ಬಟ್ಟೆ ಬಿಚ್ಚಿದ, ಬಗ್ಗಿದ. ಅವನ ತುಟಿಗಳು ಅಲ್ಲಾಡಿದವು. ಪ್ರಶ್ನೆಯೋ ಪ್ರಾರ್ಥನೆಯೋ ತಿಳಿಯಲಿಲ್ಲ.

“ಜೋರಾಗಿ ಕೇಳು, ಕಾಕಾ,” ಎಂದಳು ದುರುಗವ್ವ. “ನಲವತ್ತು ವರ್ಷ ಕೇಳೀದಿ. ಇವತ್ತೂ ಕೇಳು.”

“ಏ!” ಎಂದರು ಗೌಡರು.

ಬಾಬಾಸಾಬ ಬಗ್ಗಿದವನು ಹಾಗೇ ಇದ್ದ. ಮತ್ತೆ ಸೊಂಟ ಹಿಡಿದುಕೊಂಡು ನಿಧಾನವಾಗಿ ನೆಟ್ಟಗಾದ. ಗೌಡರ ಕಡೆ ನೋಡಲಿಲ್ಲ. ಯಾವಾಗಲೂ ಕೇಳುವ ಅದೇ ದನಿಯಲ್ಲಿ, ಊರಿನವರಿಗೆಲ್ಲ ಗೊತ್ತಿದ್ದ ಆ ಸ್ವಲ್ಪ ಗೊಗ್ಗರು ದನಿಯಲ್ಲಿ ಕೇಳಿದ:

“ಮಾಲಕರು ಯಾರು? ಬಂದು ಕೈ ಇಡ್ರಿ.”

“ವಿರುಪಣ್ಣ!” ಗೌಡರು ಕೂಗಿದರು. “ಏಳಲೇ. ಇಟ್ಟು ಬಾ ಕೈ. ಮಾಲಕ ಗಂಡಸ ಇರತಾನೋ ಹೆಂಗಸ ಇರತಾಳೋ, ನೋಡೇಬಿಡೋಣು.”

ಗೋಡೆಗೆ ಕೂತವರಲ್ಲಿ ಕೆಲವರು ನಕ್ಕರು. ವಿರುಪಣ್ಣ ಎದ್ದ. ಬೆನ್ನು ಬಾಗಿಸಿಕೊಂಡು ಬಂದ. ಹೆಂಡತಿಯ ಮುಂದೆ ಹಾಯುವಾಗ ಅವಳು ಏನಾದರೂ ಅಂದಾಳು ಎಂದು ಒಂದು ಗಳಿಗೆ ತಡೆದ. ದುರುಗವ್ವ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ಮೊಳಕಾಲೂರಿ ಕೂತು ಕೆಂಚನ ಬೆನ್ನಿನ ಮೇಲೆ ಕೈ ಇಟ್ಟ.

“ಆಡು ನಿನ್ನದೇನು?” ಎಂದು ಕೇಳಿದ ಬಾಬಾಸಾಬ.

ಈ ಮಾತನ್ನು ಅವನು ಯಾರನ್ನೂ ಎಂದೂ ಕೇಳಿರಲಿಲ್ಲ. ಜನ ನಗುವುದನ್ನು ನಿಲ್ಲಿಸಿದರು.

ಕೆಂಚನ ಪಕ್ಕೆ ಅವನ ಅಂಗೈ ಕೆಳಗೆ ಬಿಸಿಯಾಗಿ ಏರಿಳಿಯುತ್ತಿತ್ತು. ವಿರುಪಣ್ಣ ಗೌಡರನ್ನು ನೋಡಿದ, ಗೋಡೆಗೆ ಕೂತ ಮಂದಿಯನ್ನು ನೋಡಿದ, ತನ್ನ ಕೈಯನ್ನು ನೋಡಿದ. ಅದನ್ನು ಮೆಲ್ಲಗೆ ಎತ್ತಿ ಧೋತರಕ್ಕೆ ಒರೆಸಿಕೊಂಡ.

“ಅಕಿದು,” ಎಂದ.

“ದುರುಗವ್ವ, ರಾಜಿ ಅದೀಯೇನು?”

“ಇಲ್ಲ.”

“ಇನ್ನೊಮ್ಮೆ ಕೇಳ್ತೀನಿ, ಮಗಳ.”

“ಹತ್ತು ಸಲ ಕೇಳು. ನಾ ರಾಜಿ ಇಲ್ಲ. ಈ ಗೋಡಿಗೆ ಕುಂತಾವ್ರ ದೊಡ್ಡ್ಯಾಗ ಎದ್ದು ಕಾಣೂ ಮರಿ ಇದ್ರ ಅದು ಇದರದು, ಇಲ್ಲಾ ಇದರಪ್ಪಂದು. ಒಬ್ಬರಾರ ಬಾಯಿ ಬಿಡವಲ್ರು. ಬ್ಯಾಡ. ಬಾಯಿ ಇದ್ದಾಕಿ ಒಬ್ಬಾಕಿ ಅದೀನಿ. ಇಲ್ಲ.”

ಬಾಬಾಸಾಬ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿದ.

ಗೌಡರು ಕಟ್ಟೆಯಿಂದ ಇಳಿದೇ ಬಂದರು. “ಲೇ ಮುಲ್ಲಾ, ತಲಿ ಕೆಟ್ಟೈತೇನು? ಕಣಕ್ಕ ಬರ್ತಿಯಲ್ಲ, ಆವಾಗ ತೋರಸ್ತೀನಿ. ಬ್ಯಾರೆ ಊರಿನ ಮುಲ್ಲಾನ್ನ ಕರಸ್ತೀನಿ.”

“ಕರಸ್ರಿ, ಗೌಡ್ರ. ಅವಗೂ ಇಕಿ ಇದನ್ನ ಹೇಳ್ತಾಳ.”

ಆಗ ಬಾವರ್ಚಿ ಅಬ್ದುಲಸಾಬ ಎದ್ದು ನಿಂತ. ಕೈಗಂಟಿದ ಉಳ್ಳಾಗಡ್ಡಿಯ ಸಿಪ್ಪೆಯನ್ನು ಝಾಡಿಸುತ್ತ, “ಗೌಡಸಾಬ, ನನಗಿದು ಬ್ಯಾಡ್ರಿ,” ಎಂದ. “ನಮ್ಮ ಸಾಹೇಬ್ರು ಐದು ಹೊತ್ತು ನಮಾಜಿನವ್ರು. ಜಬರದಸ್ತಿ ಮಾಲು ಬೇಯಿಸಿ ಹಾಕ್ದೆ ಅಂತ ಗೊತ್ತಾದ್ರ ನನ್ನ ನೌಕ್ರಿ ಹೋತು. ನಿಮ್ಮ ಊರ ಜಗಳ ನನ್ನ ಹಂಡೇದಾಗ ಹಾಕಬ್ಯಾಡ್ರಿ. ಬ್ಯಾರೆ ಯಾವುದಾರ ಜಲ್ದಿ ತರಸ್ರಿ.”

ಬೇರೆ ಯಾವುದಿದೆ? ಅದೇ ಪಂಚಾಯಿತಿ ಬಿತ್ತು. ಗೌಡರು ಒಬ್ಬೊಬ್ಬರ ಹೆಸರು ಹಿಡಿದು ಕೂಗಿದರು. ಅಲ್ಲಿ ಇಲ್ಲಿ ಹುಡುಕಿ ಕೊನೆಗೆ ಎರಡು ಹೋತಗಳನ್ನು ತಂದರು. ಒಂದು ಕೆಮ್ಮುತ್ತಿತ್ತು. ಎರಡನ್ನೂ ಒಟ್ಟಿಗೆ ನಿಲ್ಲಿಸಿದರೂ ಕೆಂಚನ ಮುಕ್ಕಾಲು ಆಗುತ್ತಿರಲಿಲ್ಲ. ಅಬ್ದುಲಸಾಬ ಒಂದರ ಬೆನ್ನೆಲುಬಿನ ಮೇಲೆ ಬೆರಳು ಓಡಿಸಿ, “ಇದನ್ನ ಬೇಯಿಸ್ಬೇಕೋ, ಹೂಳ್ಬೇಕೋ?” ಎಂದ. ಅವುಗಳ ಮಾಲಕರು ಕೈ ಇಟ್ಟು, ರಾಜಿ ಎಂದು, ಎದ್ದು ಹೋದರು. ದುರುಗವ್ವ ಹಗ್ಗ ಸುತ್ತಿಕೊಂಡು ಕೆಂಚನನ್ನು ಹೊಡೆದುಕೊಂಡು ಹೊರಟಳು.

“ಗಾಯರಾಣದಾಗ ನಿನ್ನ ಒಂದು ಆಡು ಕಾಲಿಟ್ರ ಹಿಡಿದು ಕೊಂಡವಾಡದಾಗ ಕೂಡಿ ಹಾಕಸ್ತೀನಿ,” ಗೌಡರ ದನಿ ಹಿಂದಿನಿಂದ ಬಂತು. “ಊರಾಗ ಯಾವನಾರ ಆ ಹೋತದ ಹಂತ್ಯಾಕ ತನ್ನ ಆಡು ಹೊಡದ್ರ ಅವಂದೂ ಅಷ್ಟ.”

ಅವಳು ತಿರುಗಿ ನೋಡಲಿಲ್ಲ. ಕೆಂಚ ಮಾತ್ರ ನಡುಬೀದಿಯಲ್ಲಿ ನಿಂತು ತನ್ನ ಗಡ್ಡದ ಮೇಲೆ ತಾನೇ ಉಚ್ಚೆ ಹಾರಿಸಿಕೊಂಡಿತು.

ಮನೆಯಲ್ಲಿ ವಿರುಪಣ್ಣ ಮಾತು ಬಿಟ್ಟ. ಒಂದು ದಿನ ಮಾತ್ರ, ರೊಟ್ಟಿ ಮುರಿಯುತ್ತ, “ನಿನ್ನ ಸಲುವಾಗಿ ಕೈ ತಗದೆ ಅಂತ ತಿಳೀಬ್ಯಾಡ. ಕೈ ಒಣಗಿದ್ರ ನೇಗಿಲ ಯಾರು ಹಿಡೀಬೇಕು?” ಎಂದಿದ್ದ. ದುರುಗವ್ವ, “ಹೌದು,” ಎಂದು ಇನ್ನೊಂದು ರೊಟ್ಟಿ ಹಾಕಿದ್ದಳು.

ಗಾಯರಾಣ ಊರಿನ ದನಕರುಗಳೆಲ್ಲ ಮೇಯುವ ಜಾಗ. ಅದು ಮುಚ್ಚಿದಮೇಲೆ ಅವಳು ಆಡುಗಳನ್ನು ಹಳ್ಳದ ದಂಡೆಗುಂಟ ಹೊಡೆದಳು. ಅಲ್ಲಿ ಸಾಲದಾದಾಗ ಉದ್ದನೆಯ ಗಳಕ್ಕೆ ಕುಡುಗೋಲು ಕಟ್ಟಿ ಜಾಲಿಯ ಟೊಂಗೆ ಇಳಿಸಿದಳು. ಮೈಕೈಯೆಲ್ಲ ಮುಳ್ಳುಗೀರಾಯಿತು. ಹಾಲು ಕಡಿಮೆಯಾಗಿ ಎರಡು ಮರಿ ಸತ್ತವು. ಮೂರನೆಯದನ್ನು ಬುಟ್ಟಿಯ ಕೆಳಗೆ ಮುಚ್ಚಿಟ್ಟು, ಇನ್ನೊಂದರ ಕೆಚ್ಚಲಿಗೆ ಹಿಡಿದು ಉಳಿಸಿಕೊಂಡಳು. ಊರಿನ ಆಡುಗಳು ಬೆದೆಗೆ ಬಂದು ಕೂಗಿ ಕೂಗಿ ತಣ್ಣಗಾದವು. ಕೆಂಚ ಬೇಲಿಗೆ ಕೊಂಬು ಬಡಿಯುತ್ತಿತ್ತು. ಯಾರೂ ಬರಲಿಲ್ಲ.

ಲೆವಿಯ ಕಾಗದ ಬಂತು. ಹೆಚ್ಚೇ ಇತ್ತು. ಇದು ಹೋತಿನ ದುರುಗವ್ವನ ದಯೆ ಎಂದು ಗೌಡರು ಚಾವಡಿಯಲ್ಲಿ ಓದಿಸಿ ಹೇಳಿದರು. ಬಾವಿಯ ಹತ್ತಿರ ಅವಳ ಕೊಡವನ್ನು ಯಾರೋ ಕಾಲಿನಿಂದ ಉರುಳಿಸಿದರು. ಅವಳು ಆ ಹೆಂಗಸಿನ ಕೊಡವನ್ನು ಬಾವಿಗೇ ಉರುಳಿಸಿ ಬಂದಳು.

ಅದಾದ ವಾರಕ್ಕೆ ವಿರುಪಣ್ಣ ಕುಕನೂರಿನ ಸಂತೆಯಿಂದ ಬಂದು ಹೊಸ್ತಿಲ ಮೇಲೆ ಕೂತ. ಮೆಟ್ಟು ಕಳಚುತ್ತ, ಯಾರಿಗೋ ಹೇಳುವಂತೆ, “ಮ್ಯಾಲಿನ ಊರಾಗ ಸಾಹೇಬಗ ಎರಡು ಕೊಬ್ಬಿದ ಹೋತ ಕೊಯ್ದಿದ್ರಂತ,” ಎಂದ.

“ಹೂಂ.”

“ಅವ್ರಿಗೂ ಎಕರೇಕ್ಕ ಅಷ್ಟ ಬರದಾನ. ಒಂದು ಸೇರು ಹೆಚ್ಚಿಲ್ಲ, ಕಡಿಮಿಲ್ಲ.” ಮೆಟ್ಟನ್ನು ಗೋಡೆಗೆ ಒರಗಿಸಿ, “ಸಂತ್ಯಾಗ ನಮ್ಮೂರ ಮಂದೀನೂ ಕೇಳ್ಯಾರ,” ಎಂದ.

ಎರಡು ದಿನದ ಮೇಲೆ, ಮಟಮಟ ಮಧ್ಯಾಹ್ನ, ಊರೆಲ್ಲ ಹೊಲದಲ್ಲಿದ್ದಾಗ, ಆಡೊಂದು ಬಿಟ್ಟೂ ಬಿಡದೆ ಕೂಗುತ್ತ ಬೀದಿಯಲ್ಲಿ ಬರುವುದು ದುರುಗವ್ವನಿಗೆ ಕೇಳಿಸಿತು. ದೊಡ್ಡಿಯ ಕಸ ಗುಡಿಸುತ್ತಿದ್ದವಳು ಬಗ್ಗಿ ನೋಡಿದಳು. ಕಪ್ಪು ಆಡು ಬಾಲ ಬಡಿದುಕೊಳ್ಳುತ್ತ ಹಗ್ಗ ಜಗ್ಗುತ್ತಿತ್ತು. ಹಗ್ಗದ ಇನ್ನೊಂದು ತುದಿಯಲ್ಲಿ ಗೌಡರ ತಾಯಿ ಮುದುಕಮ್ಮ, ಕೋಲೂರಿಕೊಂಡು, ಅರ್ಧ ಎಳೆಸಿಕೊಂಡು ಬರುತ್ತಿದ್ದಳು. ಬೊಗಸೆಯಷ್ಟಿದ್ದ ಮೊಮ್ಮಗನಿಗೆ ಆ ಮನೆಯಲ್ಲಿ ಆಡಿನ ಹಾಲೇ ಆಗಿಬರುತ್ತಿತ್ತು.

ಬೇಲಿಯ ಹತ್ತಿರ ಮುದುಕಮ್ಮ ನಿಂತು ದಮ್ಮು ತಿರುಗಿಸಿಕೊಂಡಳು. ಸೆರಗನ್ನು ಮೂಗಿಗೆ ಹಿಡಿದಳು. “ನಿನ್ನೀಂದ ಒಂದಾ ಸಮ ಒದರಾಕತ್ತೈತಿ. ಕೂಸು ಮಲಗಿಲ್ಲ, ನಾ ಮಲಗಿಲ್ಲ.”

“ಗೌಡ್ರು ಎಲ್ಯದಾರ್ರಿ, ಅಮ್ಮಾರ?”

“ಯಲಬುರ್ಗಿಗೆ ಹೋಗ್ಯಾನ. ಕಚೇರಿಗೆ.”

“ಅವರು ರಾಜಿ ಅದಾರೇನ್ರಿ?”

“ಅವನ್ನ ಯಾಕ ಕೇಳಬೇಕು? ಇದಕ್ಕ ಮೊಲಿ ಎಷ್ಟದಾವ ಅಂತನೂ ಗೊತ್ತಿಲ್ಲ ಅವಗ.”

“ಆಡು ಯಾರದ್ರಿ ಹಂಗಾರ?”

ಮುದುಕಮ್ಮ ಸೆರಗಿನ ಮೇಲಿಂದ ಅವಳನ್ನು ದುರುಗುಟ್ಟಿ ನೋಡಿದಳು. ಬಿಸಿಲು ನೆತ್ತಿಯ ಮೇಲಿತ್ತು. ಆಡು ಕೂಗಿತು. ಒಳಗಿನಿಂದ ಕೆಂಚ ಗಂಟಲಲ್ಲಿ ಗುಡುಗಿತು.

“ನಂದು,” ಎಂದಳು ಮುದುಕಿ. “ನಮ್ಮಣ್ಣನ ಮನೀಂದ ಬಂದದ್ದು.”

“ಹಂಗಾರ ಬೆನ್ನಮ್ಯಾಲೆ ಕೈ ಇಡ್ರಿ.”

“ನಿನಗ ಭಾಳ ಆಗೇತಿ, ದುರುಗವ್ವ.”

“ಹೌದ್ರಿ. ನಾಳಿಂದ ನನ್ನ ಆಡು ಗಾಯರಾಣಕ್ಕ ಹೋಗ್ತಾವ. ಮನಿಯಾಗ ಹೇಳ್ರಿ. ನಾ ಕೇಳಾಕತ್ತಿಲ್ಲ, ಹೇಳಾಕತ್ತೀನಿ.”

ಮುದುಕಮ್ಮ ಕೋಲನ್ನು ಬೇಲಿಗೆ ಆನಿಸಿದಳು. ನರ ಎದ್ದ ತನ್ನ ಬಲಗೈಯನ್ನು ಆಡಿನ ಬೆನ್ನಿನ ಮೇಲೆ ಇಟ್ಟಳು.

ದುರುಗವ್ವ ಬೇಲಿಯ ಬಾಯಿಗಿಟ್ಟ ಮುಳ್ಳಿನ ತಡಿಕೆಯನ್ನು ಎತ್ತಿ ಸರಿಸಿದಳು. ಕೆಂಚ ಓಡಿ ಬರಲಿಲ್ಲ, ನಡೆದು ಬಂತು. ಕಪ್ಪು ಆಡಿನ ಹಿಂದೆ ನಿಂತು ಮೂಸಿತು. ಆಮೇಲೆ ಕೊರಳು ಚಾಚಿ, ಮುಖ ಮೇಲಕ್ಕೆತ್ತಿ, ಮೇಲ್ದುಟಿಯನ್ನು ಸುರುಳಿ ಮಡಚಿ, ಹಳದಿ ಕಣ್ಣನ್ನು ಅರೆ ಮುಚ್ಚಿಕೊಂಡು ಬರಿಯ ಆಕಾಶದ ಕಡೆ ಹಿಡಿದು ನಿಂತಿತು. ಮುದುಕಮ್ಮ ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡೇ ಇದ್ದಳು. ಇನ್ನೊಂದು ಕೈಯನ್ನು ಆಡಿನ ಬೆನ್ನಿನಿಂದ ತೆಗೆಯಲಿಲ್ಲ.